ಮೀನಂಗಡಿಯ ಹಕ್ಕಿ

ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್‌ನಲ್ಲಿ ಮೇ ಅಂದರೆ ಚಳಿ ಶುರು. ಮೀನು ತರಲು ಹೋದವನಿಗೆ ಕಂಡಿದ್ದು ಎದೆ ಸೀಳಿ ಚಪ್ಪಟೆ ಮಾಡಿದ, ಉಪ್ಪು ಹಾಕಿದ ಹಕ್ಕಿ. 'ಮಟನ್‌ಬರ್ಡ್' ಅಂದರು ಅಂಗಡಿಯವರು. ಹೆಸರಲ್ಲಿ ಮಟನ್, ಮಾರುವುದು ಮೀನಂಗಡಿಯಲ್ಲಿ. ಸುಮ್ನೆ ಬರೋಕೆ ಆಗುತ್ತಾ? ಎರಡು ಕಟ್ಟಿಸಿಕೊಂಡೆ.

ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳು ಇದಕ್ಕೆ ತೀತೀ ಅನ್ನುತ್ತಾರೆ. ನೆಲದ ಬಿಲದಲ್ಲಿ ಬೆಳೆಯುವ ಕಡಲಹಕ್ಕಿಯ ಮರಿ. ಹಿಡಿಯುವ ಹಕ್ಕು ರಾಕಿಯುರಾ (ದಕ್ಷಿಣದ ಸ್ಟೀವರ್ಟ್ ದ್ವೀಪಕ್ಕೆ ಮಾವೊರಿ ಹೆಸರು) ಮಾವೊರಿ ಮನೆತನಗಳಿಗೆ ಮಾತ್ರ, ಅದೂ ಏಪ್ರಿಲ್ 1ರಿಂದ ಮೇ 31ರವರೆಗೆ. ಆ ದ್ವೀಪದ ಸುತ್ತಲಿನ ಪುಟ್ಟ ನಡುಗಡ್ಡೆಗಳಿಗೆ ಹೋಗಿ, ಮೊದಲು ಹಗಲಲ್ಲಿ ಬಿಲಕ್ಕೆ ಕೈ ಹಾಕಿ ಎಳೆಯುತ್ತಾರೆ. ಆಮೇಲೆ ಮರಿಗಳು ತಾವೇ ಹೊರಬರತೊಡಗಿದಾಗ ರಾತ್ರಿ ಟಾರ್ಚ್ ಹಿಡಿದು ಹೊರಡುತ್ತಾರೆ. ಹಿಂದೆ ಕಡಲಪಾಚಿಯ ಚೀಲದಲ್ಲಿ ಹಕ್ಕಿಯದೇ ಕೊಬ್ಬು ಸುರಿದು ಕಾಪಿಡುತ್ತಿದ್ದರಂತೆ. ಈಗ ಉಪ್ಪು, ಪ್ಲಾಸ್ಟಿಕ್ ಬಕೆಟ್.

"ತಿಂದರೆ ಏನೂ ಆಗಲ್ವಾ?" ಅಂತ ಪಕ್ಕದ ಮನೆಯ ಮಾವೊರಿ ಅಜ್ಜಿಯನ್ನು ಕೇಳಿದೆ. ಅವರು ನಕ್ಕರು. ಮೂರು ಸಲ ನೀರು ಬದಲಿಸಿ ಕುದಿಸು, ಬಿಪಿ ಇದ್ದವರಿಗೆ ಕೊಡಬೇಡ, ಒಲೆ ಹೊರಗೆ ಹಚ್ಚು ಅಂದರು. ಮೂರನೆಯದನ್ನು ನಾನು ಕೇಳಲಿಲ್ಲ.

ಮೊದಲ ಕುದಿಗೇ ನೀರಿನ ಮೇಲೆ ಬೆರಳು ದಪ್ಪದ ಹಳದಿ ಎಣ್ಣೆ. ಜೊತೆಗೆ ಮೀನೆಣ್ಣೆಯ ವಾಸನೆ, ಪರದೆಗೂ ಹತ್ತಿತು, ಒಣಹಾಕಿದ್ದ ಸ್ವೆಟರಿಗೂ ಹತ್ತಿತು. ತಾಯಿಹಕ್ಕಿ ಮರಿಗೆ ಉಣಿಸುವುದು ಮೀನು, ಸಿಗಡಿಯಂಥ ಕ್ರಿಲ್, ಸ್ಕ್ವಿಡ್. ಇನ್ನೇನು ವಾಸನೆ ಬಂದೀತು? ಶಿವಮೊಗ್ಗದ ನನ್ನವಳು ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು.

ಕೊನೆಗೆ ಬಾಣಲೆಯಲ್ಲಿ ಚರ್ಮ ಗರಿಗರಿ ಆಗುವವರೆಗೆ ಹುರಿದು, ಬೇಯಿಸಿದ ಆಲೂಗಡ್ಡೆ ಜೊತೆ ತಿಂದೆ. ಕಪ್ಪು ಮಾಂಸ, ಎಳೆ ಎಳೆಯಾಗಿ ಬಿಡುತ್ತದೆ. ಕೋಳಿ ಅಂದುಕೊಂಡು ಬಾಯಿಗಿಟ್ಟರೆ ಬೇಜಾರಾಗುತ್ತೆ. ಒಣಮೀನು ಅಂದುಕೊಳ್ಳಿ, ಆಗ ಸೊಗಸು. ಕುಂದಾಪುರದಲ್ಲಿ ಒಣ ಸಿಗಡಿ ಚಟ್ನಿ ನೆಕ್ಕಿ ಬೆಳೆದ ನಾಲಿಗೆಗೆ ಎರಡನೇ ತುತ್ತಿಗೇ ಗುರುತು ಸಿಕ್ಕಿತು. ಉಪ್ಪು ಮಾತ್ರ ಜಾಸ್ತಿ, ರಾತ್ರಿಯೆಲ್ಲ ನೀರು ಕುಡಿದೆ.

ಹಾಗಂತ ಕಾಡಿನ ಹಕ್ಕಿಯನ್ನೆಲ್ಲ ತಿನ್ನಬಹುದು ಅಂತಲ್ಲ. ನ್ಯೂಗಿನಿಯ ಪಿಟೊಹುಯಿ ಎಂಬ ಹಕ್ಕಿಯ ಚರ್ಮ, ಗರಿಯಲ್ಲೇ ವಿಷ ಇರುತ್ತದೆ. ಇಲ್ಲೂ ಬಿರುಗಾಳಿಯ ಮರುದಿನ ದಡಕ್ಕೆ ಸತ್ತ ಹಕ್ಕಿಗಳು ಬಂದು ಬೀಳುತ್ತವೆ, ಅವನ್ನು ಮುಟ್ಟಲೂ ಬಾರದು. ತೀತೀ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟದ್ದು ತಲೆತಲಾಂತರದಿಂದ ಹಿಡಿದು, ಉಪ್ಪು ಹಾಕಿ, ತಿಂದು ಬಂದವರ ಕೈ.

ಆ ಪಾತ್ರೆ ಈಗ ಗ್ಯಾರೇಜಿನಲ್ಲಿದೆ. ಅನ್ನಕ್ಕೆ ಹೊಸದು ತಂದಿದ್ದೇವೆ.