ಗೆರೆ ಉಬ್ಬಿದೆಯಾ, ತಗ್ಗಿದೆಯಾ?

ಕಂಡಕ್ಟರ್ ಕೆಲಸದಲ್ಲಿ ನಾನು ಜಾಸ್ತಿ ಓಡಾಡಿದ್ದು ಕಾರವಾರ–ಅಂಕೋಲಾ ದಾರಿಯಲ್ಲಿ. ಚೀಲದಲ್ಲಿ ವಿಚಿತ್ರ ನಾಣ್ಯ ಕಂಡರೆ ಜೇಬಿನಿಂದ ಬೇರೆಯದು ಹಾಕಿ ಅದನ್ನು ತೆಗೆದಿಡುತ್ತಿದ್ದೆ. ಈಗ ನಿವೃತ್ತಿ. ಎರಡು ಡಬ್ಬಿ ತುಂಬಿವೆ.

ಮೊನ್ನೆ ಪಕ್ಕದ ಮನೆ ಹುಡುಗ ಓಡಿ ಬಂದ. "ಮಾಮ, ಇದಕ್ಕೆ ಲಕ್ಷ ಬರ್ತದಂತೆ, ಮೊಬೈಲಲ್ಲಿ ನೋಡಿದೆ!" ಹನ್ನೊಂದು ಮೂಲೆಯ ಹಳೇ 2 ರೂಪಾಯಿ. ಭಾರತದ ನಕ್ಷೆಯ ಮೇಲೆ ಅಂಚಿನವರೆಗೂ ಒಂದು ಗೆರೆ.

"ಉಗುರು ಆಡಿಸಿ ನೋಡು ಮಾರಾಯ" ಎಂದೆ. ಗೆರೆ ಉಬ್ಬಿತ್ತು. ತಗ್ಗಿದ್ದರೆ ಸಾಮಾನ್ಯವಾಗಿ ಯಾರೋ ಗೀರಿದ್ದು, ಅಷ್ಟೇ. ಉಬ್ಬಿದ್ದರೆ ಟಂಕಸಾಲೆಯ ಅಚ್ಚೇ ಬಿರುಕು ಬಿಟ್ಟಿದೆ. ಸಂಕ್ರಾಂತಿಯ ಸಕ್ಕರೆ ಅಚ್ಚು ಸೀಳಿದರೆ ಆ ಸೀಳಿಗೆ ಪಾಕ ಹೋಗಿ ಗಿಳಿಯ ಬೆನ್ನ ಮೇಲೆ ಗೆರೆ ಏಳುತ್ತದಲ್ವಾ, ಹಾಗೆ. ಅದೇ ಅಚ್ಚಿನಿಂದ ಬಿದ್ದ ಎಷ್ಟೋ ನಾಣ್ಯಗಳ ಮೇಲೆ ಇದೇ ಗೆರೆ ಇರುತ್ತದೆ. ಲಕ್ಷ ಎಲ್ಲಿಂದ ಬರಬೇಕು?

ನಗಲಿಕ್ಕೆ ನನಗೂ ಹಕ್ಕಿಲ್ಲ ಬಿಡಿ. ಇಸವಿ ಎರಡೆರಡು ಸಲ ಬಿದ್ದಂತೆ ಕಾಣುವ ಒಂದು 5 ರೂಪಾಯಿಯನ್ನು ವರ್ಷಗಟ್ಟಲೆ ಹತ್ತಿಯಲ್ಲಿ ಸುತ್ತಿಟ್ಟಿದ್ದೆ. ಹುಬ್ಬಳ್ಳಿಯ ನಾಣ್ಯದ ವ್ಯಾಪಾರಿಯೊಬ್ಬರು ಭೂತಗನ್ನಡಿ ಕೈಗೆ ಕೊಟ್ಟು ನನ್ನಿಂದಲೇ ನೋಡಿಸಿದರು. ಅಂಕಿಗಳು ದಪ್ಪಗೆ ಊದಿಕೊಂಡು ಅಂಚಿನ ಕಡೆ ಜಾರಿದ್ದವು, ಸುತ್ತಲಿನ ಬಯಲು ತರಿತರಿ. ಹೊಡೆದು ಹೊಡೆದು ಸವೆದ ಅಚ್ಚು. ಅಚ್ಚು ಮಾಡುವಾಗಲೇ ಅಂಕಿ ಎರಡು ಸಲ ಮೂಡಿದ್ದರೆ ಎರಡೂ ದುಂಡಗೆ, ಸ್ಪಷ್ಟವಾಗಿ, ಮೂಲೆಯಲ್ಲಿ ಕವಲೊಡೆದು ನಿಲ್ಲುತ್ತವೆ. ಮರಳುವಾಗ ಬಸ್ಸಲ್ಲಿ ಯಲ್ಲಾಪುರದವರೆಗೂ ನಾನು ಮಾತಾಡಲಿಲ್ಲ.

ನಿಜವಾದ ತಪ್ಪು ನನ್ನ ಬಳಿ ಇರುವುದು ಒಂದೇ. ಅಂಚಿನಲ್ಲಿ ಯಾರೋ ಕಚ್ಚಿದಂತಿರುವ ಸ್ಟೀಲಿನ 1 ರೂಪಾಯಿ. ತಗಡು ಸಾಕಷ್ಟು ಮುಂದೆ ಸರಿಯದೆ, ಆಗಲೇ ಬಿಲ್ಲೆ ಕತ್ತರಿಸಿದ ತೂತಿನ ಮೇಲೇ ಮತ್ತೆ ಪಂಚ್ ಬಿದ್ದರೆ ಹೀಗಾಗುತ್ತದೆ. 4.85 ಗ್ರಾಂ ಇರಬೇಕಾದದ್ದು ಸ್ವಲ್ಪ ಕಡಿಮೆ ತೂಗುತ್ತದೆ. ಆದರೆ ಅರ ಹಾಕಿ ಉಜ್ಜಿದರೂ ತೂಕ ಇಳಿಯುತ್ತದೆ, ಅದನ್ನು ನಂಬಬೇಡಿ. ಕಚ್ಚಿದ ಜಾಗದ ಎದುರು ಬದಿ ನೋಡಿ. ಅಲ್ಲಿ ಅಂಚಿನ ಏರು ಮಸುಕಾಗಿದ್ದರೆ ಒಳ್ಳೆಯ ಗುರುತು. ಏರು ಎಬ್ಬಿಸುವ ಯಂತ್ರದಲ್ಲಿ ಬಿಲ್ಲೆ ಎರಡೂ ಕಡೆಯಿಂದ ಒತ್ತಿಸಿಕೊಳ್ಳಬೇಕು. ಈ ಕಡೆ ಲೋಹವೇ ಇಲ್ಲದಾಗ ಆ ಕಡೆಯೂ ಒತ್ತು ಸಿಗುವುದಿಲ್ಲ. ಆಮೇಲೆ ಅರ ಹಾಕಿದ್ದರಲ್ಲಿ ಎದುರು ಬದಿಯ ಏರು ಸ್ಪಷ್ಟವಾಗಿಯೇ ಇರುತ್ತದೆ.

ಮೀನು ಮಾರುವವರ ಕೈಯಿಂದ ಬಂದ ಕಪ್ಪು ನಾಣ್ಯಗಳನ್ನೂ ಹುಡುಗ ತೋರಿಸಿದ. ಅದು ಬರೀ ಉಪ್ಪುನೀರಿನ ಕೆಲಸ.

ಅವನ ಮುಖ ಸಣ್ಣದಾಯಿತು. "ಹಾಗಾದ್ರೆ ಚಾಕಲೇಟ್ ತಗೊಳ್ಲಾ?" ಎಂದ. ನಾನು ಜೇಬಿನಿಂದ ಬೇರೆ 2 ರೂಪಾಯಿ ಕೊಟ್ಟು ಅವನದನ್ನು ಸವೆದ, ಬಿರುಕು ಬಿಟ್ಟ ಅಚ್ಚಿನ ನಾಣ್ಯಗಳ ಡಬ್ಬಿಗೆ ಸುಮ್ನೆ ಹಾಕಿಕೊಂಡೆ.