ಚಳಿ ಬಿದ್ದೈತಿ, ಹಂಗಂತ ಭೂಮಿ ತಣ್ಣಗಾಗಿಲ್ಲ

ಜನವರಿಯಲ್ಲಿ ಗದಗ ಕಡೆ ಬೆಳಗಿನ ಚಳಿ ಜೋರಾಯಿತೆಂದರೆ ನಮ್ಮ ಕಾಕಾನ ಫೋನ್ ಬರುತ್ತದೆ. "ಏನೋ ತಮ್ಮಾ, ಭೂಮಿ ಕಾಯಾಕತ್ತೈತಿ ಅಂತ ಹುಡುಗ್ರಿಗೆ ಪಾಠ ಹೇಳ್ತಿ. ಇಲ್ಲಿ ಎರಡು ಕೌದಿ ಹೊದ್ರೂ ನಡುಕ ಬಿಡವಲ್ದು!"

ಕಾಕಾನ ಮಾತನ್ನು ನಾನು ಹಗುರಾಗಿ ತಗೊಳ್ಳುವುದಿಲ್ಲ. ಜೀವಮಾನವೆಲ್ಲ ಎರಿ ಹೊಲದಲ್ಲಿ ದುಡಿದ ಜೀವ ಅದು. ಮೈಗೆ ಹತ್ತಿದ ಚಳಿ ಖರೇನೆ. ಆದರೆ ಅದು ಆ ಒಂದು ಊರಿನ, ಆ ಒಂದು ಮುಂಜಾನೆಯ ಸುದ್ದಿ.

ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವವರೆಗೂ ನಮಗೆ ಚಳಿಗಾಲ ಇದ್ದೇ ಇರುತ್ತದೆ. ಹಗಲೆಲ್ಲ ಕಾದ ನೆಲ ರಾತ್ರಿ ಆ ಬಿಸಿಯನ್ನು ಬಿಟ್ಟುಕೊಡುತ್ತದೆ; ಆಕಾಶ ತಿಳಿಯಾಗಿ, ಗಾಳಿ ಒಣಗಿದ್ದರೆ ಅದನ್ನು ತಡೆಯುವವರು ಯಾರೂ ಇಲ್ಲ. ಮೋಡ ಕವಿದ ರಾತ್ರಿ ಕಾಕಾನೇ ಒಂದು ಕೌದಿ ತೆಗೆದು ಬದಿಗಿಡುತ್ತಾರೆ. ಇಂಗಾಲದ ಡೈಆಕ್ಸೈಡ್ ಕೂಡ ಆ ಬಿಸಿಯನ್ನು ಹಿಡಿದಿಡುತ್ತದೆ, ಆದರೆ ವರ್ಷವಿಡೀ, ಇಡೀ ಜಗತ್ತಿನ ಮೇಲೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇದ್ದದ್ದು ಈಗ 420 ದಾಟಿದೆ.

2025ರ ಜನವರಿಯನ್ನೇ ತಗೊಳ್ಳಿ. ಅಮೆರಿಕದ ದಕ್ಷಿಣ ಭಾಗದ ನ್ಯೂ ಆರ್ಲಿಯನ್ಸ್‌ ನಗರದಲ್ಲಿ ದಾಖಲೆ ಹಿಮ ಬಿತ್ತು. ಅಲ್ಲಿಯವರಿಗೂ ನಮ್ಮ ಕಾಕಾನಂತೆಯೇ ಅನ್ನಿಸಿರಬೇಕು. ಅದೇ ತಿಂಗಳು ಇಡೀ ಭೂಮಿಯ ಲೆಕ್ಕ ಹಾಕಿದಾಗ, ಯುರೋಪಿನ ಕೋಪರ್ನಿಕಸ್ ಹವಾಮಾನ ಸಂಸ್ಥೆಯ ದಾಖಲೆಯಲ್ಲಿ ಅಷ್ಟು ಬಿಸಿಯಾದ ಜನವರಿ ಹಿಂದೆಂದೂ ಇರಲಿಲ್ಲ. ಬ್ಯಾಡಗಿ ಪ್ಯಾಟಿಯಲ್ಲಿ ಒಂದು ದಿನ ಮೆಣಸಿನಕಾಯಿ ರೇಟು ಬಿತ್ತೆಂದು ವರ್ಷದ ಲೆಕ್ಕ ಮುಗಿಸುವ ರೈತರನ್ನು ನಾನಂತೂ ನೋಡಿಲ್ಲ.

ಇನ್ನೊಂದು ಮಾತು ನನ್ನನ್ನು ಬಹಳ ಕಾಡುತ್ತದೆ. ಹವಾಮಾನ ಇಲಾಖೆ ತಾಪಮಾನ "ವಾಡಿಕೆಗಿಂತ ಕಡಿಮೆ" ಅನ್ನುತ್ತದಲ್ಲ, ಆ ವಾಡಿಕೆ ಅಂದರೆ 1991ರಿಂದ 2020ರವರೆಗಿನ ಮೂವತ್ತು ವರ್ಷದ ಸರಾಸರಿ. ಅಷ್ಟರಲ್ಲಾಗಲೇ ಭೂಮಿ ಕಾದಿತ್ತು. 2024ರಲ್ಲಿ ನಮ್ಮ ದೇಶದ ಸರಾಸರಿ ತಾಪಮಾನ ಆ ವಾಡಿಕೆಗಿಂತಲೂ 0.65 ಡಿಗ್ರಿ ಮೇಲೇರಿ, 1901ರಿಂದೀಚೆಗೆ ಎಲ್ಲಕ್ಕೂ ಬಿಸಿಯಾದ ವರ್ಷವಾಯಿತು. ಅಂದರೆ ಇವತ್ತು ನಮಗೆ "ಭಾರೀ ಚಳಿ" ಅನ್ನಿಸುವುದು ನಮ್ಮ ಅಜ್ಜಂದಿರಿಗೆ ಬರೀ ಚಳಿಗಾಲ ಆಗಿದ್ದೀತು.

ಇದೆಲ್ಲ ನನಗೆ ಬರೀ ಪಾಠದ ವಿಷಯವಲ್ಲ. ಹಿಂಗಾರಿ ಕಡ್ಲಿ ಚಳಿಯಲ್ಲೇ ಬೆಳೆಯುವ ಪೀಕು. ಇಬ್ಬನಿ ಬಿದ್ದ ಮುಂಜಾನೆ ಕಡ್ಲಿ ಹೊಲದಲ್ಲಿ ನಡೆದು ನೋಡಿ, ಪಾದವೆಲ್ಲ ಹುಳಿ ಹುಳಿ ಅಂಟು. ಎಳೆ ಸೊಪ್ಪು ಚಿವುಟಿ ಬಾಯಿಗಿಟ್ಟರೆ ಹಲ್ಲು ಜುಂ ಅನ್ನುತ್ತದೆ. ಆ ಬೆಳೆಗೆ ನಾಲ್ಕು ದಿನದ ಜೋರು ಚಳಿ ಸಾಲದು. ಹೂವಾಗಿ ಕಾಯಿ ಕಟ್ಟುವವರೆಗೂ ತಂಪು ಬೇಕು. ಆ ಹೊತ್ತಿಗೆ ಬಿಸಿಲು ಏರಿತೋ, ಹೂವು ಉದುರುತ್ತದೆ, ಕಾಳು ಜೊಳ್ಳಾಗುತ್ತದೆ.

2022ರಲ್ಲಿ ಉತ್ತರ ಭಾರತದ ಗೋಧಿಗೆ ಇದೇ ಗತಿ ಬಂತು. ಚಳಿಗಾಲ ಕಂಡೇ ಬೆಳೆದ ಗೋಧಿ ಅದು. 1901ರ ನಂತರದ ಅತಿ ಬಿಸಿ ಮಾರ್ಚ್ ಬಂದು ಕಾಳು ತುಂಬುವ ಹೊತ್ತಿಗೆ ಸುಟ್ಟಿತು. ಮೇ 13ಕ್ಕೆ ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು.