ತೂಕ ಇಳಿಸುವಾಗ ಕೆನ್ನೆ ಯಾಕೆ ಬತ್ತುತ್ತದೆ

ಮೂರು ತಿಂಗಳಲ್ಲಿ 15 ಕೆಜಿ ಇಳಿಸಿ ಮದುವೆಮನೆಗೆ ಹೋಗಿ ನೋಡಿ. ನಮ್ಮ ಶಿವಮೊಗ್ಗ ಕಡೆ 'ಚೆನ್ನಾಗಿ ಕಾಣ್ತೀಯ' ಅನ್ನುವವರಿಗಿಂತ 'ಹುಷಾರಿಲ್ವಾ? ಮುಖ ಬತ್ತಿ ಹೋಗಿದೆಯಲ್ಲ' ಅನ್ನುವವರೇ ಹೆಚ್ಚು. ನಿಜಕ್ಕೂ ಬತ್ತಿರುವುದು ಚರ್ಮದಡಿಯ ಕೊಬ್ಬು. ಕೆನ್ನೆ, ಕಣತಲೆ, ಕಣ್ಣಿನ ಕೆಳಗೆ ಅದು ಪುಟ್ಟ ದಿಂಬುಗಳ ಹಾಗೆ ಕೂತಿರುತ್ತದೆ. ದಿಂಬು ಸಣ್ಣದಾಗುತ್ತದೆ, ಗವಸು ಹಳೇ ಅಳತೆಯದೇ. ಹರೆಯದ ಚರ್ಮ ಒಂದಿಷ್ಟು ಬಿಗಿದುಕೊಳ್ಳುತ್ತದೆ. ನಲವತ್ತೈದು ದಾಟಿ, ಬಿಸಿಲು ಸಿಗರೇಟು ಎರಡೂ ಕಂಡ ಮುಖಕ್ಕೆ ಆ ಕಸುವು ಕಡಿಮೆ.

ವಾರಕ್ಕೆ ಅರ್ಧದಿಂದ 1 ಕೆಜಿ ಇಳಿದರೆ ಸಾಕು. ಹಸಿವು ತಗ್ಗಿಸಿ ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ತಗೊಳ್ಳುವವರು ಹಸಿವಿಲ್ಲ ಅಂತ ಊಟ ಬಿಡಬೇಡಿ. ವೇಗ ಜಾಸ್ತಿ ಅನ್ನಿಸಿದರೆ ಡೋಸನ್ನು ನೀವೇ ತಿದ್ದದೆ ಡಾಕ್ಟರಿಗೆ ಹೇಳಿ.

ಇನ್ನು ತಟ್ಟೆಯ ವಿಷಯ. ಡಯಟ್ ಅಂತ ಎರಡು ಹೊತ್ತೂ ಗಂಜಿ, ಉಪ್ಪಿನಕಾಯಿ ಉಂಡರೆ ಕೊಬ್ಬಿನ ಜೊತೆ ಮಾಂಸವೂ ಕರಗುತ್ತದೆ. ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 1.2 ಗ್ರಾಂ ಪ್ರೋಟೀನ್ ಬೇಕು. 65 ಕೆಜಿ ಇದ್ದರೆ 78 ಗ್ರಾಂ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬಾರದು. ಹುರುಳಿ ಕಟ್ಟಿನ ಸಾರು ಉಂಡರೆ ಆಯ್ತು ಅಂದುಕೊಳ್ಳುವವರಿದ್ದಾರೆ. ಕಟ್ಟು ಬಸಿದ ಮೇಲೂ ಪ್ರೋಟೀನಿನ ದೊಡ್ಡ ಪಾಲು ಕಾಳಲ್ಲೇ ಉಳಿದು ಕೊಟ್ಟಿಗೆಗೆ ಹೋಗುತ್ತದೆ, ಹಸು ಮೈ ತುಂಬಿಕೊಳ್ಳುತ್ತದೆ! ಆ ಕಾಳನ್ನೇ ಉಸ್ಲಿ ಮಾಡಿ: 50 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 11 ಗ್ರಾಂ ಪ್ರೋಟೀನ್ ಇದೆ. ಒಂದು ಮೊಟ್ಟೆಯಲ್ಲಿ 6, ನೂರು ಗ್ರಾಂ ಬಂಗುಡೆಯಲ್ಲಿ 18ರ ಮೇಲೆ. ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನಾದ ಕಾಲಜನ್ ಕಟ್ಟಲು ವಿಟಮಿನ್ ಸಿ ಬೇಕು. ಒಂದು ನೆಲ್ಲಿಕಾಯಿಯೋ ಪೇರಲೆಯೋ ಇರಲಿ.

ಇರುವ ಕಾಲಜನ್ ಬಿಸಿಲಿಗೆ ಕೆಡದಂತೆಯೂ ನೋಡಿಕೊಳ್ಳಬೇಕು. ಎಸ್‌ಪಿಎಫ್ (ಬಿಸಿಲಿನಿಂದ ಕಾಯುವ ಅಳತೆ) 30ರ ಸನ್‌ಸ್ಕ್ರೀನ್ ಕಡಲೆಕಾಳಷ್ಟು ಹಚ್ಚಿದರೆ 30ರ ರಕ್ಷಣೆ ಸಿಗುವುದಿಲ್ಲ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿ, ಮುಖಕ್ಕೂ ಕುತ್ತಿಗೆಗೂ ಹಚ್ಚಿ. ಅಂಗಳದಲ್ಲಿ ಅಡಿಕೆ ಹರಡುವ ದಿನಗಳಲ್ಲಿ ಎರಡು ಗಂಟೆಗೊಮ್ಮೆ ಮತ್ತೆ. ಕಾಲಜನ್ ಕೆಡಿಸುವ ಕಿರಣಗಳು ಮಳೆಗಾಲದ ಮೋಡ ದಾಟಿಯೂ ಬರುತ್ತವೆ.

ಸುಕ್ಕು ತಗ್ಗಿಸಲು ಹಚ್ಚುವ ವಿಟಮಿನ್ ಎ ಬಗೆಯ ರೆಟಿನಾಲ್ ಕ್ರೀಮ್ ಬಟಾಣಿಯಷ್ಟು, ರಾತ್ರಿ, ತೊಳೆದು ಒಣಗಿದ ಮುಖಕ್ಕೆ. ಮೊದಲ ತಿಂಗಳು ವಾರಕ್ಕೆ ಎರಡೇ ಸಲ. ದಿನಾ ಹಚ್ಚಲು ಶುರುಮಾಡಿದವರ ಮುಖ ಕೆಂಪಾಗಿ ಸಿಪ್ಪೆ ಏಳುತ್ತದೆ. ಗರ್ಭಿಣಿಯರಿಗೆ ಬೇಡವೇ ಬೇಡ. ಕೊಬ್ಬರಿ ಎಣ್ಣೆ ಚಳಿಗಾಲದ ಒಡಕಿಗೆ ಒಳ್ಳೆಯದು, ಕೆನ್ನೆಯ ಗುಳಿಗೆ ಅಲ್ಲ. ಫಿಲ್ಲರ್, ಅಂದರೆ ಗುಳಿ ತುಂಬಿಸುವ ಇಂಜೆಕ್ಷನ್, ಮಾಡಿಸುವ ಯೋಚನೆ ಇದ್ದರೆ ತೂಕ ಒಂದೇ ಕಡೆ ನಿಂತು ಮೂರ್ನಾಲ್ಕು ತಿಂಗಳಾಗಲಿ. ಇಳಿಯುತ್ತಿರುವಾಗಲೇ ತುಂಬಿಸಿದರೆ ಅಳತೆ ತಪ್ಪಿ, ಇನ್ನೊಮ್ಮೆ ದುಡ್ಡು ಸುರಿಯಬೇಕಾಗುತ್ತದೆ.